ಬಾಟ್ಲಿ ಬೆಳ್ಳಗಿತ್ತು, ಕ್ಯಾಟಲಿಸ್ಟ್ ಸತ್ತಿತ್ತು

ರಿಫೈನರಿಯ ಎಫ್‌ಸಿಸಿ ಯೂನಿಟ್‌ನಲ್ಲಿ (ಭಾರದ ಎಣ್ಣೆಯನ್ನು ಬಿಸಿ ಕ್ಯಾಟಲಿಸ್ಟ್ ಪುಡಿಯ ಸಹಾಯದಿಂದ ಒಡೆದು ಪೆಟ್ರೋಲು ಮಾಡುವ ಕಡೆ) ಕೆಲಸ ಮಾಡಿದವರಿಗೆಲ್ಲ ಒಂದು ಚಟ ಇರುತ್ತದೆ. ಬೆಳಿಗ್ಗೆ ಕ್ಯಾಟಲಿಸ್ಟ್ ಸ್ಯಾಂಪಲ್ ಬಾಟ್ಲಿ ಬಂದ ಕೂಡಲೇ ಅದನ್ನು ಬೆಳಕಿಗೆ ಹಿಡಿದು ಅಲ್ಲಾಡಿಸುವುದು. ಕಪ್ಪಾಗಿದ್ದರೆ ಕೋಕ್, ಅಂದರೆ ಪುಡಿಗೆ ಮೆತ್ತಿದ ಇಂಗಾಲ, ಸರಿಯಾಗಿ ಸುಟ್ಟಿಲ್ಲ. ಬೆಳ್ಳಗಿದ್ದರೆ ಖುಷಿ, ಟೀ ಕುಡಿಯಲು ಹೋಗಬಹುದು.

ಈ ಕ್ಯಾಟಲಿಸ್ಟ್‌ನಲ್ಲಿ ಎಣ್ಣೆ ಒಡೆಯುವ ಭಾಗ ಜಿಯೋಲೈಟ್, ಅಂದರೆ ಸಣ್ಣ ಸಣ್ಣ ಕೋಣೆಗಳ ಗೂಡು. ಬಾಗಿಲಿನ ಅಗಲ ಸುಮಾರು 0.74 ನ್ಯಾನೋಮೀಟರ್. ರೈಸರ್‌ನಲ್ಲಿ (ಕ್ಯಾಟಲಿಸ್ಟ್ ಮತ್ತು ಎಣ್ಣೆ ಒಟ್ಟಿಗೆ ಮೇಲೇರುವ ಪೈಪು) 530 ಡಿಗ್ರಿ ಆಸುಪಾಸಿನಲ್ಲಿ ಬರೀ ಎರಡು-ಮೂರು ಸೆಕೆಂಡು ಎಣ್ಣೆಯ ಜೊತೆ ಓಡಿದರೆ ಸಾಕು, ತೂಕದ ಶೇಕಡಾ 1ರಷ್ಟು ಕೋಕ್ ಮೆತ್ತಿಕೊಂಡು ಹೊರಬರುತ್ತದೆ. ರೀಜನರೇಟರ್‌ನಲ್ಲಿ 700 ಡಿಗ್ರಿಯಲ್ಲಿ ಗಾಳಿ ಕೊಟ್ಟು ಸುಟ್ಟರೆ ಮತ್ತೆ ಕೆಲಸಕ್ಕೆ ರೆಡಿ. ತಳ ಹಿಡಿದ ಪಾತ್ರೆ ತಿಕ್ಕಿದ ಹಾಗೆ.

ಒಂದು ಸಲ ನಮ್ಮಲ್ಲಿ ಆಕ್ಟಿವಿಟಿ, ಅಂದರೆ ಕ್ಯಾಟಲಿಸ್ಟ್ ಎಣ್ಣೆ ಒಡೆಯುವ ತಾಕತ್ತು, ವಾರ ವಾರಕ್ಕೂ ಇಳಿಯತೊಡಗಿತು. 69 ಇದ್ದದ್ದು 63ಕ್ಕೆ ಬಂತು. ಪೆಟ್ರೋಲು ಕಡಿಮೆ, ಒಡೆಯದೆ ತಳದಲ್ಲಿ ಉಳಿಯುವ ಭಾರದ ಎಣ್ಣೆ (ಸ್ಲರಿ) ಜಾಸ್ತಿ. ರೀಜನರೇಟರ್ ಬೆಡ್ (ಒಳಗಿನ ಕ್ಯಾಟಲಿಸ್ಟ್ ರಾಶಿ) ಸ್ವಲ್ಪ ಬಿಸಿಯಾಗಿತ್ತು, ಹೊಗೆಯಲ್ಲಿ ಉಳಿಯುವ ಆಕ್ಸಿಜನ್ ಇಳಿದಿತ್ತು. ಕೋಕ್ ಜಾಸ್ತಿ ಬರುತ್ತಿದೆ, ಗಾಳಿ ಹೆಚ್ಚಿಸಿ ಅಂತ ಹೇಳಿದವನು ನಾನೇ. ಬಾಟ್ಲಿ ಮಾತ್ರ ಮೊದಲಿನಿಂದಲೂ ಬೆಳ್ಳಗೇ ಇತ್ತು, ಅದನ್ನು ನೋಡಿಯೂ ನನಗೆ ಅನುಮಾನ ಬರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಅಜ್ಜಿ ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ಆಮೇಲೆ ವೆನೇಡಿಯಂ ಮೇಲೆ ಕಣ್ಣು ಬಿತ್ತು. ಭಾರದ ಕಚ್ಚಾ ತೈಲದಲ್ಲಿ ಬರುವ ಈ ಲೋಹ ಹಬೆಯ ಜೊತೆ ಸೇರಿ ಜಿಯೋಲೈಟನ್ನೇ ತಿನ್ನುತ್ತದೆ, ಸೋಡಿಯಂ ಜೊತೆಯಾದರೆ ಇನ್ನೂ ಕೆಟ್ಟದ್ದು. ಆದರೆ ಲ್ಯಾಬ್ ರಿಪೋರ್ಟ್‌ನಲ್ಲಿ ನಿಕ್ಕಲ್, ವೆನೇಡಿಯಂ, ಸೋಡಿಯಂ ಎಲ್ಲ ಹಳೆಯ ಲೆಕ್ಕದಲ್ಲೇ ಇದ್ದವು. ಇಳಿದಿದ್ದದ್ದು ಸರ್ಫೇಸ್ ಏರಿಯಾ (ಕೋಣೆಗಳ ಒಳಗೋಡೆಯ ಒಟ್ಟು ವಿಸ್ತೀರ್ಣ) ಒಂದೇ. ಅಂದರೆ ಕೋಣೆಗಳು ಮುಚ್ಚಿಕೊಂಡಿರಲಿಲ್ಲ, ಗೋಡೆಗಳೇ ಬಿದ್ದಿದ್ದವು.

ಗೋಡೆ ಬೀಳಿಸುವುದು ಬಿಸಿ ಮತ್ತು ಹಬೆ. ಎರಡೂ ಸೇರಿದರೆ ಗೋಡೆಯೊಳಗಿನ ಅಲ್ಯೂಮಿನಿಯಂ ಕಳಚಿ ಹೊರಬರುತ್ತದೆ, ಎಣ್ಣೆ ಒಡೆಯುವ ಆಸಿಡ್ ಜಾಗ ಇರುವುದೇ ಆ ಅಲ್ಯೂಮಿನಿಯಂ ಹತ್ತಿರ. ಕೋಕನ್ನಾದರೆ ಸುಡಬಹುದು, ಇದಕ್ಕೆ ಮದ್ದಿಲ್ಲ.

ಹಬೆ ಎಲ್ಲಿಂದ? ಹಳೆಯ ಆಪರೇಟರ್ ಒಬ್ಬರು, ಸುಮಾರು ಮೂವತ್ತು ವರ್ಷ ಅದೇ ಯೂನಿಟ್‌ನಲ್ಲಿದ್ದವರು, ಟೀ ಲೋಟ ಕೆಳಗಿಟ್ಟು ಕೇಳಿದರು: "ಟಾರ್ಚ್ ಆಯಿಲ್ ನೋಡಿದ್ರಾ?" ಯೂನಿಟ್ ಶುರು ಮಾಡುವಾಗ ಬೆಡ್ ಕಾಯಿಸಲು ನೇರವಾಗಿ ಚಿಮುಕಿಸುವ ಎಣ್ಣೆ ಅದು. ವಾಲ್ವ್ ಮುಚ್ಚಿದೆ ಅಂತ ಸ್ಕ್ರೀನ್ ಹೇಳುತ್ತಿತ್ತು. ಹೋಗಿ ಅದರ ಹಿಂದಿನ ಬ್ಲಾಕ್ ವಾಲ್ವನ್ನೂ ಮುಚ್ಚಿದೆವು. ಹತ್ತೇ ನಿಮಿಷಕ್ಕೆ ಆಕ್ಸಿಜನ್ ಮೇಲೆ ಬಂತು, ಬೆಡ್ 8 ಡಿಗ್ರಿ ಇಳಿಯಿತು. ವಾಲ್ವ್ ಪಾಸ್ ಆಗುತ್ತಿತ್ತು, ಅಂದರೆ ಮುಚ್ಚಿದ್ದರೂ ಎಣ್ಣೆ ಒಳಗೆ ಸೋರುತ್ತಿತ್ತು! ಎಣ್ಣೆ ಉರಿದಾಗ ಅದರೊಳಗಿನ ಹೈಡ್ರೋಜನ್ ನೀರಾಗುತ್ತದೆ ಅಲ್ವಾ, ಎಣ್ಣೆ ಚಿಮ್ಮುವ ನಾಜಲ್ ಎದುರಿಗೆ ಬಂದ ಕ್ಯಾಟಲಿಸ್ಟ್ ಕಾಳಿಗೆಲ್ಲ ಬೆಂಕಿ ಮತ್ತು ಹಬೆ ಒಟ್ಟಿಗೆ. ಬೆಡ್‌ನ ಥರ್ಮಾಮೀಟರ್‌ಗೆ ಕಾಣುವುದು ಸರಾಸರಿ ಮಾತ್ರ.

ಸತ್ತ ಕ್ಯಾಟಲಿಸ್ಟ್‌ಗೆ ಒಂದೇ ದಾರಿ, ದಿನಾ ಸ್ವಲ್ಪ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು. ಮತ್ತೆ 68 ಮುಟ್ಟಲು ಎರಡೂವರೆ ತಿಂಗಳು ಹಿಡಿಯಿತು. ಅಷ್ಟೂ ದಿನ ಬಾಟ್ಲಿಯ ಬಣ್ಣ ಮಾತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ.