ಮೂರು ಸಲ ಸುರಿದ ಮರಳು

ಬುಧವಾರ, 12 ನವೆಂಬರ್ 2025, ರಾತ್ರಿ

ಪುಟ್ಟಿ ಈಗಷ್ಟೇ ಮಲಗಿದಳು. ಮೇಜಿನ ಮೇಲೆ ಇನ್ನೂ ಮರಳು ಚೆಲ್ಲಿದೆ. ಒರೆಸಲು ಮನಸ್ಸಾಗುತ್ತಿಲ್ಲ.

ಸಂಜೆ ಅವಳ ಮೇಲೆ ರೇಗಿಬಿಟ್ಟೆ. ನಾಳೆ ಗಣಿತ ಪರೀಕ್ಷೆ, ನಾಡಿದ್ದು ವಿಜ್ಞಾನ. ಸಿಲಿಂಡರಿನ ಘನಫಲವನ್ನು ಸರಿಯಾಗಿಯೇ ಕಂಡುಹಿಡಿದಿದ್ದಳು: ತ್ರಿಜ್ಯ 7 ಸೆಂ.ಮೀ., ಎತ್ತರ 12 ಸೆಂ.ಮೀ., ಉತ್ತರ 1848 ಘನ ಸೆಂ.ಮೀ. ಅದೇ ಅಳತೆಯ ಶಂಕು ಬಂದಾಗ ಪೆನ್ಸಿಲ್ ಕೆಳಗಿಟ್ಟಳು. "ಶಂಕುವಿನ ಘನಫಲ ಸಿಲಿಂಡರಿನದರ ಮೂರರಲ್ಲಿ ಒಂದು ಪಾಲು ಏಕೆ? ಚಿತ್ರದಲ್ಲಿ ಅರ್ಧದಷ್ಟು ಕಾಣುತ್ತದಲ್ಲ?"

"ಸೂತ್ರ ಇರುವುದೇ ಹಾಗೆ, ಬಾಯಿಪಾಠ ಮಾಡು" ಎಂದೆ. ಅವಳು ಮರುಮಾತಾಡದೆ 616 ಎಂದು ಬರೆದಳು. ಉತ್ತರ ಸರಿ. ಆದರೆ ಆ ಬಾಡಿದ ಮುಖವನ್ನು ನೋಡಿದ ಮೇಲೆ ನನಗೆ ಯಾವ ಕೆಲಸವೂ ಸಾಗಲಿಲ್ಲ. ಅವಳ ಕಣ್ಣು ತಪ್ಪಿರಲಿಲ್ಲ. ಕಾಗದದ ಮೇಲೆ ಶಂಕುವಿನ ತ್ರಿಕೋನ ನಿಜವಾಗಿಯೂ ಸಿಲಿಂಡರಿನ ಆಯತದ ಅರ್ಧವೇ. ಆದರೆ ಶಂಕು ಎಡಬಲಕ್ಕೆ ಮಾತ್ರವಲ್ಲ, ಹಿಂದುಮುಂದಕ್ಕೂ ಕಿರಿದಾಗುತ್ತಾ ಹೋಗುತ್ತದೆ. ಇಷ್ಟನ್ನು ಹೇಳಲು ನನಗೆ ಎರಡು ನಿಮಿಷ ಸಾಕಿತ್ತು.

ಎಂಟು ಗಂಟೆಗೆ ಒಂದು ಡಬ್ಬಿ ತಂದು ಅವಳ ಮುಂದಿಟ್ಟೆ. ದಪ್ಪ ಕಾಗದವನ್ನು ಶಂಕುವಾಗಿ ಸುತ್ತಿ, ತುದಿ ಡಬ್ಬಿಯ ತಳ ಮುಟ್ಟುವಂತೆ ಇಳಿಸಿ, ಬಾಯಿಯ ಮಟ್ಟಕ್ಕೆ ಕತ್ತರಿಸಿದೆವು. ಹೊರತೆಗೆದು ಮರಳು ತುಂಬಿ ಡಬ್ಬಿಗೆ ಸುರಿದಳು. ಒಮ್ಮೆ. ಇನ್ನೊಮ್ಮೆ. ಮೂರನೆಯದನ್ನು ಉಸಿರು ಬಿಗಿಹಿಡಿದು ಸುರಿದಳು. ಮರಳು ಅಂಚಿಗೆ ಬಂದು ನಿಂತಿತು, ನಾಲ್ಕು ಕಾಳು ಮೇಜಿಗೆ ಜಾರಿದವು. ಶಾಲೆಯಲ್ಲಿ ಈ ಲೆಕ್ಕಕ್ಕೆ ಪೂರ್ತಿ ಅಂಕ ಪಡೆದಿದ್ದ ನಾನೂ ಇದನ್ನು ಕಣ್ಣಾರೆ ಕಂಡದ್ದು ಇಂದೇ.

ಆಮೇಲೆ ವಿಜ್ಞಾನದ ಪಾಠದ ಮೀನು. ಬೆನ್ನಿನ ಈಜುರೆಕ್ಕೆ, ಬಾಲದ್ದು, ಗುದದ್ದು, ಎದೆಯದು, ಸೊಂಟದ್ದು ಎಂದು ಗಟ್ಟಿಯಾಗಿ ಓದಿದಳು. ಒಟ್ಟು ಎಷ್ಟು ಎಂದು ಕೇಳಿದೆ. ಚಿತ್ರದ ಮೇಲೆ ಬೆರಳಿಟ್ಟು ಎಣಿಸಿ ಐದು ಎಂದಳು. ತಕ್ಷಣವೇ ತಲೆಯೆತ್ತಿ, "ಇಲ್ಲ, ಏಳು! ಎದೆಯದೂ ಸೊಂಟದ್ದೂ ಜೋಡಿ. ಇನ್ನೆರಡು ಆ ಕಡೆ ಇವೆ" ಎಂದು ಹಾಳೆಯನ್ನು ತಿರುವಿ ಹಿಂಬದಿಯನ್ನು ತೋರಿಸಿದಳು. ಖಾಲಿ ಬಿಳಿ ಹಾಳೆ. ನನಗೆ ಗಂಟಲು ಕಟ್ಟಿತು, ಏಕೆಂದು ಹೇಳಲಾರೆ.



ಮಲಗುವಾಗ ಮತ್ತೆ ಕೇಳಿದಳು: "ಮೀನಿನ ಘನಫಲಕ್ಕೆ ಸೂತ್ರ ಇದೆಯೇ?" ಇಲ್ಲ, ನೀರಿನಲ್ಲಿ ಪೂರ್ತಿ ಮುಳುಗಿದಾಗ ನೀರು ಎಷ್ಟು ಮೇಲೇರಿತೋ ಅಷ್ಟೇ ಅದರ ಘನಫಲ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ನಿದ್ದೆ ಬಂತೆಂದುಕೊಂಡೆ. "ಅದರ ಹೊಟ್ಟೆಯೊಳಗಿನ ಗಾಳಿಚೀಲ ಹಿಗ್ಗಿದರೆ?"

ಹೌದಲ್ಲ! ಚೀಲ ಹಿಗ್ಗಿದರೆ ತೂಕ ಅಷ್ಟೇ ಇರುತ್ತದೆ, ಘನಫಲ ಹೆಚ್ಚುತ್ತದೆ, ಮೀನು ಮೇಲೇಳುತ್ತದೆ. ತನ್ನ ಘನಫಲವನ್ನು ತಾನೇ ಬದಲಿಸಿಕೊಳ್ಳುವ ಪ್ರಾಣಿ. ಇದನ್ನೂ ತೋರಿಸಬಹುದು. ಬೆಳಗ್ಗೆ ಅವಳು ಏಳುವ ಮೊದಲು ಆ ಡಬ್ಬಿಯನ್ನು ತೊಳೆದು ನೀರು ತುಂಬಿಸಿ, ಒಂದು ಚಿಕ್ಕ ಬಲೂನಿಗೆ ಭಾರ ಕಟ್ಟಿ...