ಲಿಫ್ಟಿನ ಮೇಲೆ ಕೇಳದ ಶಬ್ದ

ಮೇಷ್ಟ್ರು ಮೂರನೇ ಸಲ ಗಾಡಿ ತಂದಾಗ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. ರಿಟೈರಾದ ಹೈಸ್ಕೂಲ್ ಮೇಷ್ಟ್ರು, ಹಳೇ ಆಲ್ಟೋ. ತಿಂಗಳ ಹಿಂದೆ ನಮ್ಮಲ್ಲೇ ಸೈಲೆನ್ಸರು, ನಡುವಿನ ಪೈಪು ಎರಡೂ ಹೊಸದು ಹಾಕಿಸಿದ್ದರು. "ಹಿಂದೆ ಮೂರು ಜನ ಕೂತರೆ ಅಡಿಯಲ್ಲಿ ಟಣ್ ಅಂತದೆ ಮಾರಾಯ್ರೆ. ನಾನೊಬ್ಬನೇ ಹೋದರೆ ಇಲ್ಲ." ಮೂರು ಸಲವೂ ಇದೇ ಮಾತು. ಮೂರು ಸಲವೂ ನಾನು ಗಾಡಿಯನ್ನು ಲಿಫ್ಟಿಗೆ ಹಾಕಿಸಿ, ಪೈಪು ಹಿಡಿದು ಅಲ್ಲಾಡಿಸಿ, ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ ಬಂದು, ಜಾಬ್ ಕಾರ್ಡಿನಲ್ಲಿ "ಶಬ್ದ ಕಂಡುಬಂದಿಲ್ಲ" ಎಂದು ಬರೆದುಕೊಟ್ಟಿದ್ದೆ. ಓಡಿಸಿ ನೋಡುವಾಗ ಗಾಡಿಯಲ್ಲಿ ಇದ್ದದ್ದು ನಾನೊಬ್ಬನೇ. ಅವರು ಒತ್ತಿ ಹೇಳಿದ್ದು "ಮೂರು ಜನ" ಅಂತ, ನನ್ನ ಕಿವಿಗೆ ಬಿದ್ದದ್ದು "ಟಣ್" ಮಾತ್ರ.

ನಾನು ಕುಂದಾಪುರದ ಕಡೆಯ ಒಂದು ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಪಾರ್ಟ್ಸ್ ತೊಳೆಯುವ ಹುಡುಗನಾಗಿ ಸೇರಿದವನು. ಈಗ ಕಾರ್ಡ್ ಬರೆಯುವುದು, ಹುಡುಗರಿಗೆ ಕೆಲಸ ಹಂಚುವುದು, ಮುಗಿದ ಗಾಡಿ ಓಡಿಸಿ ನೋಡುವುದು ನನ್ನ ಪಾಲು. ಮೈ ಬಗ್ಗಿಸಿ ಸ್ಪಾನರ್ ಹಿಡಿಯುವುದು ಕಮ್ಮಿಯಾಗಿ ಏಳೆಂಟು ವರ್ಷ ಆಯ್ತು. ಈ ದೀಪಾವಳಿ ರಜೆಯಲ್ಲಿ ನನ್ನದೇ ಗಾಡಿಯ ಅಡಿಗೆ ಮಲಗುವ ಯೋಗ ಬಂತು.

ನನ್ನದು 2006ರ ಮಾರುತಿ 800, ಮಾವನವರಿಂದ ಬಂದದ್ದು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಇಳಿದ ಗಾಡಿಯದು, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ನಿಂತು ಇಷ್ಟು ವರ್ಷವಾದರೂ ಅದರ ಸೈಲೆನ್ಸರ್ ಕೇಳಿದರೆ ಅಂಗಡಿಯವ ತಲೆ ಎತ್ತದೆ ತೆಗೆದುಕೊಡುತ್ತಾನೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದು ಟ್ರ್ಯಾಕ್ಟರಿನ ಹಾಗೆ ಕೂಗಲು ಶುರುಮಾಡಿತ್ತು. ಮಾವ ಯಾವಾಗಲೋ ಎಣ್ಣೆ ಡಬ್ಬದ ತಗಡು ಸುತ್ತಿ, ಕ್ಲಾಂಪ್ ಹಾಕಿ, ಮೇಲಿಂದ ಎಂ-ಸೀಲ್ ಮೆತ್ತಿದ್ದರು. ನೀರಿನ ಪೈಪಿಗೆ ಅದು ಸರಿ, ಸೈಲೆನ್ಸರಿನ ಬಿಸಿಗೆ ಕರಕಲಾಗಿ ಉದುರಿಹೋಗಿತ್ತು. ಶಬ್ದವಾದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಒಂದು ದಿನ ಮಳೆಯೆಂದು ಗ್ಲಾಸ್ ಏರಿಸಿ ಹೋಗುವಾಗ ಹಿಂದೆ ಕೂತ ಮಗಳು "ತಲೆ ನೋಯ್ತಾ ಇದೆ" ಅಂದಳು. ಅವತ್ತೇ ಗಾಡಿ ನಿಲ್ಲಿಸಿದೆ. ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ನಮ್ಮ ಮೂಗಿಗೆ ಬರುವ ಹೊಗೆ ವಾಸನೆ ಬೇರೆಯದರದ್ದು. ವಾಸನೆ ಇಲ್ಲ ಅಂದಮಾತ್ರಕ್ಕೆ ಒಳಗೆ ಬರುತ್ತಿಲ್ಲ ಎಂದು ಅರ್ಥ ಅಲ್ಲ.

ಇಲ್ಲೊಂದು ಮಾತು. ನಮ್ಮ ಕರಾವಳಿಯಲ್ಲಿ ಸೈಲೆನ್ಸರ್ ತೂತು ಬಿದ್ದರೆ ಎಲ್ಲರೂ ಉಪ್ಪು ಗಾಳಿಯನ್ನು ಬೈಯುತ್ತಾರೆ. ಹೊರಗಿಂದ ತಿನ್ನುವುದು ಅದೇ ಹೌದು, ಆದರೆ ಹಿಂದಿನ ಡಬ್ಬ, ಅಂದರೆ ಸೈಲೆನ್ಸರು, ಹೆಚ್ಚಾಗಿ ಹಾಳಾಗುವುದು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ, ಆವಿಯಾಗಿ ಹೊರಗೆ ಹೋಗುತ್ತದೆ. ಗಾಡಿ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿದರೆ ಏನೂ ತೊಂದರೆ ಇಲ್ಲ. ಮಾವ ಓಡಿಸುತ್ತಿದ್ದದ್ದು ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮನೆ, ಒಟ್ಟು ಮೂರು ಕಿಲೋಮೀಟರ್. ಎಂಜಿನ್ ಹತ್ತಿರದ ಪೈಪು ಬೇಗ ಕಾಯುತ್ತದೆ, ಕಟ್ಟಕಡೆಯ ಡಬ್ಬ ಕಾಯುವಷ್ಟರಲ್ಲಿ ಪೂಜೆಗೆ ಇಳಿದಾಗಿರುತ್ತದೆ. ಆವಿ ಅಲ್ಲೇ ನೀರಾಗಿ ನಿಲ್ಲುತ್ತದೆ. ಡಬ್ಬದ ತಳದಲ್ಲಿ ನೀರು ಹೋಗಲೆಂದು ಸಾಸಿವೆ ಕಾಳಿನಷ್ಟು ತೂತು ಇರುವುದುಂಟು. ಅದನ್ನು ಲೀಕ್ ಎಂದುಕೊಂಡು ವೆಲ್ಡಿಂಗ್ ಮಾಡಿ ಮುಚ್ಚಿಸಿದವರನ್ನೂ ನೋಡಿದ್ದೇನೆ. ನನ್ನ ಹಳೇ ಡಬ್ಬವನ್ನು ಆಮೇಲೆ ಓರೆ ಮಾಡಿದಾಗ ಕೆಂಪು ಚಹಾದ ಬಣ್ಣದ ನೀರು ಅರ್ಧ ಚೆಂಬಿನಷ್ಟು ಸುರಿಯಿತು. ಅದರ ಹಿಂದೆಯೇ ಮರದ ತೊಗಟೆಯಂಥ ತುಕ್ಕಿನ ಚಕ್ಕೆಗಳು.

ರಜೆಯಲ್ಲಿ ಗ್ಯಾರೇಜು ಬಾಗಿಲು ಹಾಕಿತ್ತು. ಲಿಫ್ಟ್ ಬರುವ ಮೊದಲಿನ ಕಾಲದ ನಾಲ್ಕು ಕಬ್ಬಿಣದ ರ‍್ಯಾಂಪ್ ಅಲ್ಲಿ ಮೂಲೆಯಲ್ಲಿ ಬಿದ್ದಿದ್ದವು. ಧಣಿಗಳಿಗೆ ಹೇಳಿ ಅವನ್ನು ಮನೆಗೆ ತಂದೆ. ಅಂಗಳದಲ್ಲಿ ಇಂಟರ್‌ಲಾಕ್ ಇದ್ದದ್ದರಿಂದ ನೆಲ ಗಟ್ಟಿ. ಮಣ್ಣಿನ ಅಂಗಳವಾದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಹಿಂದಿನ ಚಕ್ರಗಳನ್ನು ರಿವರ್ಸಿನಲ್ಲಿ ಎರಡು ರ‍್ಯಾಂಪಿಗೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಆಮೇಲೆ ಮುಂದೆ ಒಂದೊಂದೇ ಬದಿ ಜಾಕಿನಲ್ಲಿ ಎತ್ತಿ ಉಳಿದೆರಡನ್ನು ಚಕ್ರದ ಕೆಳಗೆ ಸರಿಸಿದೆ. ಗಾಡಿ ನಾಲ್ಕೂ ಚಕ್ರದ ಮೇಲೆ, ರಸ್ತೆಯಲ್ಲಿ ನಿಂತ ಹಾಗೆಯೇ ನಿಂತಿತು, ಒಂದಡಿ ಎತ್ತರದಲ್ಲಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕುವುದು ಬೇಡ, ಎರಡೇ ನಿಮಿಷದ ಕೆಲಸವಾದರೂ ಬೇಡ.

ಗ್ಯಾರೇಜಿನಲ್ಲಿ ಸೈಲೆನ್ಸರ್ ಬಿಚ್ಚುವುದು ಅರ್ಧ ಗಂಟೆಯ ಮಾತು. ಗ್ಯಾಸಿನ ಬೆಂಕಿ ತೋರಿಸಿ ನಟ್ಟು ಕೆಂಪಗೆ ಮಾಡಿ, ಏರ್ ಗನ್ ಇಟ್ಟರೆ ಟರ್ರೆಂದು ಬಂದುಬಿಡುತ್ತದೆ. ಮನೆಯಲ್ಲಿ ಗ್ಯಾಸೂ ಇಲ್ಲ, ಗನ್ನೂ ಇಲ್ಲ. 12 ನಂಬರ್, 14 ನಂಬರ್ ರಿಂಗ್ ಸ್ಪಾನರ್, ಒಂದು ಹ್ಯಾಕ್ಸಾ, ತುಕ್ಕು ಬಿಡಿಸುವ ಸ್ಪ್ರೇ ಡಬ್ಬ, ಇಷ್ಟೇ. ಹಿಂದಿನ ರಾತ್ರಿಯೇ ಎಲ್ಲ ನಟ್ಟುಗಳಿಗೆ ಸ್ಪ್ರೇ ಹೊಡೆದಿಟ್ಟಿದ್ದೆ. ಬೆಳಿಗ್ಗೆ ಎದ್ದು ಮತ್ತೊಮ್ಮೆ.

ಮೊದಲ ನಟ್ಟು ಬಂತು. ಎರಡನೆಯದು ಕೂಡ ಬಂದಂತೆ ಅನಿಸಿತು. ಕೈಗೆ ಬೆಣ್ಣೆಯಂತೆ ಮೆತ್ತಗೆ ಹತ್ತಿದರೆ ನಟ್ಟು ತಿರುಗುತ್ತಿಲ್ಲ, ಬೋಲ್ಟು ಹಿಂಡಿಕೊಳ್ಳುತ್ತಿದೆ ಎಂದು ಅರ್ಥ. ಹುಡುಗರಿಗೆ ಇದನ್ನು ನೂರು ಸಲ ಹೇಳಿದ್ದೇನೆ. ಹೇಳಿದವನೇ ಇನ್ನೊಂದು ಕಾಲು ಸುತ್ತು ಒತ್ತಿದೆ, ಟಪ್ಪೆಂದು ತುಂಡಾಯಿತು. ಮುಂದಿನ ಜಾಯಿಂಟಿನ ಬೋಲ್ಟು ಅದು, ಆಚೆಗೆ ತೂರಿ ಹೋಗುವಂಥದ್ದು, ಹಾಗಾಗಿ ಬದುಕಿದೆ. ಎಂಜಿನ್ ಬದಿಯ ಮ್ಯಾನಿಫೋಲ್ಡಿಗೆ ಒಳಗೇ ಕಚ್ಚಿಕೊಂಡಿರುವ ಸ್ಟಡ್ ಆಗಿದ್ದರೆ ಅವತ್ತಿನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲಿನದ್ದೆಲ್ಲ ನಿಧಾನ. ಮೊದಲು ಬಿಗಿ ಮಾಡುವ ಕಡೆಗೇ ಒಂಚೂರು, ಆಮೇಲೆ ಬಿಚ್ಚುವ ಕಡೆಗೆ ಒಂಚೂರು, ಮತ್ತೆ ಸ್ಪ್ರೇ. ಹೀಗೆ ಹಿಂದೆ ಮುಂದೆ ಆಡಿಸುತ್ತ ಒಂದು ನಟ್ಟಿಗೆ ಇಪ್ಪತ್ತು ನಿಮಿಷ. ಕನ್ನಡಕ ಹಾಕದೆ ಹೋಗಿದ್ದರೆ ಕಣ್ಣ ತುಂಬ ತುಕ್ಕೇ ಬೀಳುತ್ತಿತ್ತು. ಹನ್ನೊಂದು ಗಂಟೆಗೆ ಹೆಂಡತಿ ಚಾ ತಂದು ಬಾಗಿ ನೋಡಿದಳು. "ಒಂದ್ ಗಂಟೆ ಕೆಲ್ಸ ಅಂದಿದ್ರಿ ಅಲ್ದಾ?"

ನಾನು ಉತ್ತರ ಕೊಡಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ನಮ್ಮ ಹುಡುಗರ ಮುಖ. "ಇನ್ನೂ ಆಗಲಿಲ್ವಾ" ಎಂದು ದಿನಕ್ಕೆ ಹತ್ತು ಸಲ ಕೇಳುವವನು ನಾನೇ.

ಹಳೇ ಪೈಪು ಹಿಂದಿನ ಆಕ್ಸೆಲಿನ, ಅಂದರೆ ಹಿಂದಿನ ಎರಡು ಚಕ್ರ ಜೋಡಿಸುವ ಅಡ್ಡಪಟ್ಟಿಯ, ಮೇಲಿಂದ ಬಳಸಿಕೊಂಡು ಹೋಗುತ್ತದೆ. ಗಾಡಿ ಲಿಫ್ಟಿನಲ್ಲಿ ಇದ್ದರೆ ತಿರುಚಿ ಎಳೆದು ತೆಗೆಯಬಹುದು. ಇಲ್ಲಿ ಜಾಗ ಸಾಲದೆ ಹ್ಯಾಕ್ಸಾದಲ್ಲಿ ಎರಡು ತುಂಡು ಮಾಡಬೇಕಾಯಿತು. ಹೇಗೂ ಗುಜರಿಗೆ ಹೋಗುವುದು ತಾನೇ. ಪೆಟ್ರೋಲ್ ಟ್ಯಾಂಕ್ ಹತ್ತಿರದಲ್ಲೇ ಇರುವುದರಿಂದ ಕಿಡಿ ಹಾರಿಸುವ ಕಟ್ಟಿಂಗ್ ಮೆಷಿನ್ ಮುಟ್ಟಲಿಲ್ಲ. ರಬ್ಬರ್ ಹ್ಯಾಂಗರುಗಳಿಗೆ ಸೋಪು ನೀರು ಹಚ್ಚಿದರೆ ಜಾರಿ ಬರುತ್ತವೆ. ಹಳೆಯವು ಒಣಗಿ ಬಿರುಕು ಬಿಟ್ಟಿದ್ದವು. ಒಂದು ಅಂತೂ ಹೊಸದರ ಪಕ್ಕ ಇಟ್ಟರೆ ಅರ್ಧ ಬೆರಳು ಉದ್ದ. ಸೈಲೆನ್ಸರಿಗೆ ದುಡ್ಡು ಸುರಿದು ರಬ್ಬರಿಗೆ ಚೌಕಾಸಿ ಮಾಡುವವರೇ ಜಾಸ್ತಿ. ಡಬ್ಬ ಜೋತುಬೀಳುವುದು ಆ ರಬ್ಬರಿನಿಂದ.

ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನಾನು ಮುಟ್ಟಲಿಲ್ಲ, ಚೆನ್ನಾಗಿತ್ತು. ಕೆಲವರು ಪೈಪು ಬದಲಿಸುವ ನೆಪದಲ್ಲಿ ಅದರ ಒಳಗಿನ ಜೇನುಗೂಡು ಒಡೆದು ತೆಗೆದು, "ಪಿಕಪ್ ಬರುತ್ತದೆ" ಎಂದು ಖಾಲಿ ಡಬ್ಬ ಹಾಕಿ ಕಳಿಸುತ್ತಾರೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಥರದ ದುಬಾರಿ ಲೋಹ ಇರುತ್ತದೆ. ಪಿಕಪ್ ಯಾರಿಗೆ ಬಂತು ಎಂದು ನೀವೇ ಲೆಕ್ಕ ಹಾಕಿ. ಜಾಯಿಂಟಿನಲ್ಲಿ ಹೊಗೆ ಸೋರದಂತೆ ಕೂರಿಸುವ ಉಂಗುರ, ಗ್ಯಾಸ್ಕೆಟ್, ಮಾತ್ರ ಹೊಸದು ಹಾಕಿದೆ, ಒಮ್ಮೆ ಹಿಂಡಿಕೊಂಡ ಗ್ಯಾಸ್ಕೆಟ್ ಎರಡನೇ ಸಲ ಕೂರುವುದಿಲ್ಲ. ಎಂಪಿಎಫ್‌ಐ ಗಾಡಿಯಲ್ಲಿ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಬಿಡುವ ಗಾಡಿಯಲ್ಲಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿನ ಹತ್ತಿರ ಲೀಕ್ ಇದ್ದರೆ ಶಬ್ದಕ್ಕಿಂತ ದೊಡ್ಡ ನಷ್ಟವಿದೆ. ಹೊಗೆ ಒಂದೇ ಸಮನೆ ಹೋಗುವುದಿಲ್ಲ, ಬಡಿತ ಬಡಿತವಾಗಿ ಹೋಗುತ್ತದೆ. ಎರಡು ಬಡಿತದ ನಡುವೆ ಆ ತೂತಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಸಾಲದು ಎಂದುಕೊಳ್ಳುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು ಎಂದು ಪ್ಲಗ್ ಬದಲಿಸುತ್ತ ಕೂತವರನ್ನು ನೋಡಿದ್ದೇನೆ.

ಹೊಸದನ್ನು ಏರಿಸಿದ್ದು ಮಧ್ಯಾಹ್ನ ಊಟದ ನಂತರ. ಬೋಲ್ಟಿಗೆ ಕಾಪರ್ ಗ್ರೀಸ್ ಹಚ್ಚಿ, ಎಲ್ಲ ಜಾಯಿಂಟುಗಳನ್ನು ಕೈಯಲ್ಲೇ ತಿರುಗಿಸಿ ಸಡಿಲ ಬಿಟ್ಟು, ರಬ್ಬರಿಗೆ ನೇತುಹಾಕಿದೆ. ಬಿಗಿ ಮಾಡುವ ಮೊದಲು ಬೆನ್ನಿಗೆ ಒಂಚೂರು ಆರಾಮ ಇರಲಿ ಎಂದು ಹಾಗೇ ಮಲಗಿದ್ದೆ. ಅಷ್ಟರಲ್ಲಿ ಗಾಡಿ ಮೆಲ್ಲಗೆ ಕುಸಿದಂತಾಯಿತು, ನನ್ನ ಕಿವಿಯ ಪಕ್ಕದಲ್ಲೇ ಟಿಕ್ ಎಂದು ಶಬ್ದ. ಎದೆ ಝಲ್ಲೆಂದಿತು. ಹೊರಗೆ ಉರುಳಿ ಬಂದು ನೋಡಿದರೆ ಮಗಳು ಮತ್ತು ಅವಳ ಚಿಕ್ಕಪ್ಪನ ಮಕ್ಕಳಿಬ್ಬರು ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಆಟಕ್ಕೆ ಕೂತಿದ್ದಾರೆ. ಗಾಡಿಯ ಅಡಿಯಲ್ಲಿ ಮನುಷ್ಯ ಇರುವಾಗ ಯಾರೂ ಗಾಡಿ ಮುಟ್ಟಬಾರದು ಎಂಬುದು ಗ್ಯಾರೇಜಿನ ಮೊದಲ ಪಾಠ. ಮನೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ತಪ್ಪು ನನ್ನದೇ, ಕೂಗಾಡಿದ್ದು ಮಾತ್ರ ಮಕ್ಕಳ ಮೇಲೆ. ಮೂವರೂ ಮುಖ ಸಣ್ಣಗೆ ಮಾಡಿ ಇಳಿದರು.

ಮತ್ತೆ ಅಡಿಗೆ ಹೋದವನಿಗೆ ಆ ಟಿಕ್ ತಲೆಯಿಂದ ಹೋಗಲಿಲ್ಲ. ಟಾರ್ಚ್ ಹಾಕಿ ನೋಡಿದೆ. ಪೈಪಿಗೂ ಆಕ್ಸೆಲಿಗೂ ನಡುವೆ ನನ್ನ ಕಿರುಬೆರಳು ಬಿಗಿಯಾಗಿ ತೂರುವಷ್ಟು ಜಾಗ. ಲಿಫ್ಟಿನ ಮೇಲೆ ಇದೇ ಜಾಗದಲ್ಲಿ ನಾಲ್ಕು ಬೆರಳು ಆರಾಮಾಗಿ ಹೋಗುವುದನ್ನು ಎಷ್ಟು ಸಲ ನೋಡಿಲ್ಲ! ಹೊರಗೆ ಬಂದು ಮಕ್ಕಳನ್ನು ಸಮಾಧಾನ ಮಾಡಿ ಮತ್ತೆ ಹಿಂದೆ ಕೂರಿಸಿದೆ. ಈ ಸಲ ಪಕ್ಕದಲ್ಲಿ ನೆಲಕ್ಕೆ ಕೆನ್ನೆ ಇಟ್ಟು ಹೊರಗಿನಿಂದಲೇ ನೋಡಿದೆ. ಬಾಡಿ ಕೆಳಗೆ ಬಂತು, ಬಾಡಿಗೆ ನೇತುಬಿದ್ದ ಪೈಪೂ ಅದರ ಜೊತೆ ಬಂತು, ಆಕ್ಸೆಲ್ ಮೇಲೆ ಹೋಗಿ ಕೂತಿತು. ಟಿಕ್.

ನಮ್ಮ ಲಿಫ್ಟ್ ಎರಡು ಕಂಬದ್ದು, ಗಾಡಿಯನ್ನು ಬಾಡಿಯ ಅಡಿಯಿಂದ ಹಿಡಿದು ಎತ್ತುತ್ತದೆ. ಚಕ್ರಗಳು ಗಾಳಿಯಲ್ಲಿ ಜೋತುಬೀಳುತ್ತವೆ, ಆಕ್ಸೆಲ್ ಕೆಳಗೆ ಇಳಿಯುತ್ತದೆ, ಪೈಪಿನ ಕೆಳಗೆ ಧಾರಾಳ ಜಾಗ ಕಾಣುತ್ತದೆ. ರಸ್ತೆಯಲ್ಲಿ ಯಾವ ಗಾಡಿಯೂ ಹಾಗೆ ಇರುವುದಿಲ್ಲ. ನಾವು ಇಷ್ಟು ವರ್ಷ ಇಲ್ಲದ ಜಾಗವನ್ನು ಇದೆ ಎಂದು ನೋಡಿ ಬಿಗಿ ಮಾಡುತ್ತಿದ್ದೆವು. ಅದರ ಮೇಲೆ ಇನ್ನೊಂದು ಚಾಳಿ: ಗನ್ ಕೈಯಲ್ಲಿದೆ ಎಂದು ಮುಂದಿನಿಂದ ಒಂದೊಂದೇ ಜಾಯಿಂಟು ಪೂರ್ತಿ ಬಿಗಿ ಮಾಡುತ್ತ ಬರುವುದು. ಮೊದಲ ಜಾಯಿಂಟಿನಲ್ಲಿ ಒಂದು ಕೂದಲೆಳೆ ಓರೆಯಾದರೆ ಡಬ್ಬದ ಹತ್ತಿರ ಬರುವಾಗ ಒಂದು ಬೆರಳು ಓರೆ. ಆಮೇಲೆ ರಬ್ಬರನ್ನು ಎಳೆದು ಕೊಕ್ಕೆಗೆ ಸಿಕ್ಕಿಸುತ್ತೇವೆ. ಹೊಂದಿತು ಎಂದುಕೊಳ್ಳುತ್ತೇವೆ. ಪೈಪು ಕಾದಾಗ ಉದ್ದವೂ ಆಗುತ್ತದೆ: ಎರಡು ಮೀಟರ್ ಉಕ್ಕಿನ ಪೈಪಿನ ಬಿಸಿ 300 ಡಿಗ್ರಿ ಏರಿದರೆ ಸುಮಾರು 7 ಮಿಲಿಮೀಟರ್. ಎಳೆದು ಕಟ್ಟಿದ ರಬ್ಬರಿಗೆ ಅದನ್ನು ತಡೆದುಕೊಳ್ಳುವ ಸಡಿಲ ಎಲ್ಲಿದೆ?

ಎಲ್ಲ ಜಾಯಿಂಟು ಸಡಿಲ ಇದ್ದದ್ದರಿಂದ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಗಿಸಿದರೆ ಸಾಕಾಯಿತು. ಪೈಪು ಮೇಲಕ್ಕೆ ಸರಿದು ಆಕ್ಸೆಲಿನಿಂದ ದೂರವಾಯಿತು. ಮಕ್ಕಳನ್ನು ಮತ್ತೆ ಕೂರಿಸಿ, ಇಳಿಸಿ, ಮತ್ತೆ ಕೂರಿಸಿ (ಅವರಿಗೆ ಇದೇ ಆಟವಾಯಿತು) ನೋಡಿದೆ. ತಾಗಲಿಲ್ಲ. ಮಕ್ಕಳನ್ನು ಒಳಗೆ ಕಳಿಸಿದ ಮೇಲೆ ಅಡಿಗೆ ಹೋಗಿ ಮುಂದಿನಿಂದ ಹಿಂದಕ್ಕೆ ಬಿಗಿ ಮಾಡಿಕೊಂಡು ಬಂದೆ. ಎಂಜಿನ್ ಚಾಲೂ ಮಾಡಿ, ಪೈಪು ತಣ್ಣಗಿರುವಾಗಲೇ ಜಾಯಿಂಟುಗಳಿಗೆ ಸೋಪು ನೀರು ಹಾಕಿದೆ, ಗುಳ್ಳೆ ಏಳಲಿಲ್ಲ. ಕಾಲು ಗಂಟೆ ಹೊಗೆ ಬಂತು, ಅದು ಹೊಸ ಪೈಪಿನ ಮೇಲಿನ ಎಣ್ಣೆ ಸುಡುವುದು, ಹೆದರಬೇಕಾಗಿಲ್ಲ.

ರಜೆ ಮುಗಿದ ಮೊದಲ ದಿನವೇ ಮೇಷ್ಟ್ರಿಗೆ ಫೋನ್ ಮಾಡಿ ಗಾಡಿ ತನ್ನಿ ಅಂದೆ. ಲಿಫ್ಟಿಗೆ ಹಾಕಲಿಲ್ಲ. ರ‍್ಯಾಂಪ್ ಮೇಲೆ ನಿಲ್ಲಿಸಿ, ನಮ್ಮ ಮೂವರು ಹುಡುಗರನ್ನು ಹಿಂದೆ ಕೂರಿಸಿ, ನಾನು ಮೇಷ್ಟ್ರು ಇಬ್ಬರೂ ಬದಿಯಲ್ಲಿ ಕೂತು ಬಗ್ಗಿ ನೋಡಿದೆವು. ಹೊಸ ಪೈಪಿನ ತಳದಲ್ಲಿ ಉಗುರಿನಷ್ಟು ಜಾಗ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಲಿಫ್ಟಿನ ಮೇಲೆ ನಾನು ಮೂರು ಸಲ ನೋಡಿಯೂ ಕಾಣದ ಜಾಗ. ಜಾಯಿಂಟು ಸಡಿಲಿಸಿ, ತಿರುಗಿಸಿ, ಬಿಗಿ ಮಾಡಲು ಹದಿನೈದು ನಿಮಿಷ ಹಿಡಿಯಿತು.

ದುಡ್ಡು ಬೇಡ ಅಂದೆ. ಮೇಷ್ಟ್ರು ಅದಕ್ಕೆ ಏನೂ ಹೇಳದೆ ಗಾಡಿಯೊಳಗೆ ಬಗ್ಗಿ ಹಳೆಯ ಮೂರು ಜಾಬ್ ಕಾರ್ಡುಗಳನ್ನು ತೆಗೆದರು. ಕ್ರಮವಾಗಿ ಜೋಡಿಸಿ, ಕ್ಲಿಪ್ ಹಾಕಿ ಇಟ್ಟುಕೊಂಡಿದ್ದರು. ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಇಲ್ಲಿ ಬರೆದದ್ದು ತಪ್ಪಲ್ಲವಾ? ತಿದ್ದಿ ಕೊಡಿ."

ಮೂರರಲ್ಲೂ "ಕಂಡುಬಂದಿಲ್ಲ" ಎಂಬುದಕ್ಕೆ ಗೀಟು ಎಳೆದು, "ಮೂರು ಜನ ಕೂತಾಗ ಪೈಪು ಆಕ್ಸೆಲಿಗೆ ತಾಗುತ್ತದೆ" ಎಂದು ಬರೆದು ಸಹಿ ಹಾಕಿದೆ. ಹುಡುಗರು ಆಚೆ ನಿಂತು ನಗುತ್ತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ ಮೂರನ್ನೂ ಓದಿ, ಎರಡನೆಯದರಲ್ಲಿ ತಾರೀಕು ಹಾಕಲು ಮರೆತಿದ್ದೇನೆ ಎಂದು ವಾಪಸ್ ಕೊಟ್ಟರು.