ಗ್ರೀನ್ ಟೀಗೆ ಮಂಡ್ಯದ ಬೆಲ್ಲ ಹಾಕಿದರೆ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದವರ ಬಾಯಲ್ಲಿ ಈಗ ಗ್ರೀನ್ ಟೀ ಮಾತೇ. ಕೊಬ್ಬು ಕರಗುತ್ತಾ? ಹೇಳಿಕೊಳ್ಳುವಷ್ಟಿಲ್ಲ. ಅದರ ಕ್ಯಾಟೆಚಿನ್ (ಎಲೆಯ ಒಗರಿನ ಅಂಶ), ಕೆಫೀನ್ ಮೈಯ ಕ್ಯಾಲೊರಿ ಖರ್ಚನ್ನು ತುಸು ಏರಿಸುತ್ತವೆ, ಅಷ್ಟೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆಯಲ್ಲಿ ಜಪಾನಿನ ಹೊರಗಿನ ಅಧ್ಯಯನಗಳನ್ನು ಒಟ್ಟು ಮಾಡಿದಾಗ ತೂಕದಲ್ಲಿ ಸಿಕ್ಕ ವ್ಯತ್ಯಾಸ ಸರಾಸರಿ 0.04 ಕೆ.ಜಿ. ಅಂದರೆ 40 ಗ್ರಾಂ!

ಲಾಭ ಇರೋದು ಬೇರೆ ಕಡೆ. ಎರಡು ಚಮಚ ಸಕ್ಕರೆಯ ಕಾಫಿ ಬಿಟ್ಟು ಇದನ್ನು ಕುಡಿದರೆ ಸಕ್ಕರೆಯದೇ 40 ಕ್ಯಾಲೊರಿ ಉಳಿಯುತ್ತೆ, ಹಾಲಿನದು ಬೇರೆ. ‘ಬೆಲ್ಲ ಒಳ್ಳೇದಲ್ವಾ’ ಅಂತ ಮಂಡ್ಯದ ಅಚ್ಚು ಬೆಲ್ಲ ಕುಟ್ಟಿ ಹಾಕಿದರೆ ಲೆಕ್ಕ ಮತ್ತೆ ಅಲ್ಲಿಗೇ ಬಂತು: 10 ಗ್ರಾಂಗೆ ಸುಮಾರು 38 ಕ್ಯಾಲೊರಿ.

ಮಾಡುವಾಗ ಎಡವೋದು ಎಲೆ ಕುದಿಸೋದರಲ್ಲಿ. ನೀರು ಕುದಿ ಬಂದಮೇಲೆ ಒಲೆ ಆರಿಸಿ, ಮೂರ್ನಾಲ್ಕು ನಿಮಿಷ ಬಿಡಿ; 80 ಡಿಗ್ರಿ ಆಸುಪಾಸು ಸಾಕು. 200 ಮಿ.ಲೀ.ಗೆ 2 ಗ್ರಾಂ ಎಲೆ, ಎರಡೇ ನಿಮಿಷ, ಸೋಸಿ. ಬಾಯೆಲ್ಲ ಒಗರಾದರೆ ಹೊತ್ತು ಜಾಸ್ತಿ ಆಗಿದೆ. ಮುದ್ದೆ, ಬಸ್ಸಾರು ಉಂಡ ಕೂಡಲೇ ಬೇಡ, ಸೊಪ್ಪಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತಲ್ಲ. ಒಂದು ಗಂಟೆ ಬಿಡಿ. ಗ್ರೀನ್ ಟೀ ಸಾರದ ಮಾತ್ರೆಗಳ ತಂಟೆಗಂತೂ ಹೋಗಬೇಡಿ: ದಿನಕ್ಕೆ 800 ಮಿ.ಗ್ರಾಂ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್) ಮುಟ್ಟಿದರೆ ಲಿವರ್‌ಗೆ ಪೆಟ್ಟು ಬೀಳಬಹುದು.